ಸ್ವಭಾವವೂ ಸಹವಾಸವೂ

ವಸ್ತುವಿನ ಸ್ವಭಾವವು ಅದರೊಳಗೇ ನೆಲೆಸಿರುವುದೋ, ಅಥವಾ ಸಹವಾಸದಿಂದ ಒದಗಿಬರುವುದೋ ಎಂಬುದು ದಾರ್ಶನಿಕರನ್ನು ಬಹುಕಾಲದಿಂದ ಕಾಡಿದ ಪ್ರಶ್ನೆ. ಇದಕ್ಕೊಂದು ದೃಷ್ಟಾಂತವು ಉತ್ತರ ಅಮೆರಿಕದ ಪಶ್ಚಿಮ ಭಾಗದ ಅರಣ್ಯಗಳಲ್ಲಿ, ಕೊಂಬೆಗಳಿಂದ ಕೂದಲಿನಂತೆ ಜೋಲುವ ಎರಡು ಕಲ್ಲುಹೂವುಗಳಲ್ಲಿ ದೊರೆಯುತ್ತದೆ. ಬ್ರಯೋರಿಯ ಫ್ರೆಮಾಂಟೈ ಎಂಬುದು ಕಡುಗಂದು ಬಣ್ಣದ್ದು. ಅಲ್ಲಿಯ ಮೂಲನಿವಾಸಿಗಳು ಅದನ್ನು ತೊಳೆದು, ನೆಲದಲ್ಲಿ ಅಗೆದ ಕುಳಿಯೊಳಗೆ ಕಾದ ಕಲ್ಲುಗಳ ಶಾಖದಲ್ಲಿ ಬೇಯಿಸಿ, ಆಹಾರವಾಗಿ ಉಂಡವರು. ಬ್ರಯೋರಿಯ ಟಾರ್ಟುವೋಸವಾದರೋ, ಅದರ ಒಡಹುಟ್ಟಿನಂತಿದ್ದರೂ, ಹಳದಿ ಛಾಯೆಯನ್ನು ತಳೆದು, ವಲ್ಪಿನಿಕ್ ಆಮ್ಲವೆಂಬ ವಿಷವನ್ನು ತನ್ನಲ್ಲಿ ತುಂಬಿಕೊಂಡಿರುವುದು.

ಕಲ್ಲುಹೂವು ಒಂಟಿ ಜೀವಿಯಲ್ಲ, ಶಿಲೀಂಧ್ರ ಪಾಚಿಗಳೆರಡರ ಕೂಟವೆಂದು 19ನೆಯ ಶತಮಾನದಲ್ಲಿಯೇ ಸೈಮನ್ ಶ್ವೆಂಡನರ್ ಸಾರಿದ್ದನು. ಆದರೆ ಈ ಎರಡು ಕಲ್ಲುಹೂವುಗಳಲ್ಲಿಯೂ ಶಿಲೀಂಧ್ರವೂ ಅದೇ, ಪಾಚಿಯೂ ಅದೇ ಎಂದು ತಿಳಿದಾಗ ಭೇದದ ಮೂಲವೇ ಕಾಣದಾಯಿತು. 2016ರಲ್ಲಿ ಟೋಬಿ ಸ್ಪ್ರಿಬಿಲ್ಲೆ ಮತ್ತು ಅವರ ಸಂಗಡಿಗರು ಹೊರಪದರದಲ್ಲಿ ಹುದುಗಿದ್ದ ಮತ್ತೊಂದು ಜೀವಿಯನ್ನು, ಒಂದು ಬಗೆಯ ಯೀಸ್ಟನ್ನು, ಕಂಡರು. ವಿಷವುಳ್ಳದ್ದರಲ್ಲಿ ಅದು ಹೇರಳ, ಇನ್ನೊಂದರಲ್ಲಿ ವಿರಳ.

ಸಾಹಚರ್ಯಮಾತ್ರದಿಂದ ಕಾರಣತ್ವವು ಸಿದ್ಧಿಸದೆಂದು ನೈಯಾಯಿಕನು ಎಚ್ಚರಿಸುವನು, ಅದು ಯುಕ್ತವೇ. ಆದರೂ, ಎರಡು ಜಾತಿಗಳೆಂದು ಹೆಸರಿಟ್ಟು ನಾವು ಬೇರ್ಪಡಿಸಿದುದು ಒಂದೇ ಮನೆತನವನ್ನೆಂಬುದನ್ನು ನೆನೆದಾಗ, 'ನಾನು' ಎಂದು ಹೇಳಿಕೊಳ್ಳುವ ನನ್ನಲ್ಲಿ ಎಷ್ಟು ಮಂದಿಯ ಉಪ್ಪು, ಎಷ್ಟು ಮಂದಿಯ ನುಡಿ ಕೂಡಿವೆಯೆಂಬ ಅರಿವು ಮೂಡಿ, ಅಹಂಕಾರವು ತಾನಾಗಿ ಬಾಗುವುದು.