ಮಳೆಗೆ ಕಿವಿಯಿಲ್ಲ, ಬೆಲೆಗೆ ಇದೆ

ದಸರೆಯ ಹೊತ್ತಿಗೆ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದರೆ ಸಾವಿರಾರು ಜನರ ಗದ್ದಲ ಗಕ್ಕನೆ ನಿಲ್ಲುತ್ತದೆ. ಹೊರಡುವುದು ಒಂದೇ ಸಾಲಿನ ಭವಿಷ್ಯವಾಣಿ, ಕಾರ್ಣಿಕ. ಅವನು ಕೆಳಗೆ ಬೀಳುವಷ್ಟರಲ್ಲಿ ಅರ್ಥ ಬಿಡಿಸುವ ಕೆಲಸ ಶುರು. ಒಬ್ಬರಿಗೆ ಅದು ಮಳೆ, ಇನ್ನೊಬ್ಬರಿಗೆ ಗೋವಿನಜೋಳದ ದರ, ಮತ್ತೊಬ್ಬರಿಗೆ ಮುಖ್ಯಮಂತ್ರಿಯ ಕುರ್ಚಿ.

ಅದೇ ಜಿಲ್ಲೆಯ ಹಾನಗಲ್ಲಿನಲ್ಲೋ ಶಿಗ್ಗಾವಿಯಲ್ಲೋ ಸವಣೂರಿನಲ್ಲೋ ಮೊಬೈಲಿನ ಮೇಲೆ ಷೇರಿನ ಚಾರ್ಟ್ ನೋಡುವವರು, ತಾವು ಮಾಡುತ್ತಿರುವುದು ಇದಕ್ಕಿಂತ ಬೇರೆ ಜಾತಿಯ ಕೆಲಸ ಎಂದು ನಂಬಿರುತ್ತಾರೆ. ಪೂರ್ತಿ ತಪ್ಪೇನಲ್ಲ. ಒಂದು ಕ್ಯಾಂಡಲ್‌ನಲ್ಲಿ ದಿನದ ನಾಲ್ಕು ಬೆಲೆಗಳಿರುತ್ತವೆ: ಆರಂಭದ್ದು, ಮುಕ್ತಾಯದ್ದು, ಗರಿಷ್ಠ, ಕನಿಷ್ಠ. ಈ ಪದ್ಧತಿಯನ್ನು ಪರಂಪರೆ 18ನೇ ಶತಮಾನದ ಜಪಾನಿನ ಅಕ್ಕಿ ವ್ಯಾಪಾರಿ ಹೊಮ್ಮ ಮುನೆಹಿಸನ ಹೆಸರಿಗೆ ಬರೆದಿದೆ. ಅಂದರೆ ಚಾರ್ಟಿನ ತವರು ದಲಾಲರ ಗಾಜಿನ ಕಟ್ಟಡವಲ್ಲ, ಧಾನ್ಯದ ಪೇಟೆ. ಕಳೆದ 200 ದಿನಗಳ ಮುಕ್ತಾಯದ ಬೆಲೆಗಳನ್ನು ಸರಾಸರಿ ಮಾಡಿ ಎಳೆದ ಗೆರೆ ಮೂವಿಂಗ್ ಆವರೇಜ್. ಬೆಲೆ ಇಳಿದಿಳಿದು ಮತ್ತೆ ಮತ್ತೆ ಪುಟಿದೆದ್ದ ಮಟ್ಟ ಸಪೋರ್ಟ್. 1978ರಲ್ಲಿ ವೆಲ್ಸ್ ವೈಲ್ಡರ್ ಕೊಟ್ಟ, ಬೆಲೆಯ ವೇಗ ಅಳೆಯುವ ಆರ್‌ಎಸ್‌ಐ 70 ದಾಟಿದರೆ ಕೊಳ್ಳುವಿಕೆ ಅತಿಯಾಯಿತೆಂದೂ 30ಕ್ಕಿಂತ ಇಳಿದರೆ ಮಾರಾಟ ಅತಿಯಾಯಿತೆಂದೂ ಓದುತ್ತಾರೆ.

ಇಲ್ಲಿಯವರೆಗಿನದೆಲ್ಲ ಪ್ರತ್ಯಕ್ಷ. ‘ಹಾಗಾದರೆ ನಾಳೆ ಏರುತ್ತದೆ’ ಎಂದಾಗ, ಕಂಡದ್ದರಿಂದ ಕಾಣದ್ದನ್ನು ಊಹಿಸುವ ಅನುಮಾನ ಪ್ರಮಾಣದ ಅಂಗಳಕ್ಕೆ ಕಾಲಿಟ್ಟಂತೆ. ಹೊಗೆ ಕಂಡರೆ ಬೆಂಕಿ ಇದೆ ಎನ್ನಲು ನ್ಯಾಯದರ್ಶನದ ನೈಯಾಯಿಕರಿಗೆ ವ್ಯಾಪ್ತಿ ಬೇಕು, ಎರಡಕ್ಕೂ ಎಂದೂ ತಪ್ಪದ ನಂಟು. ಎಲ್ಲ ಬೆಟ್ಟಗಳ ಹೊಗೆಯನ್ನೂ ನೋಡಿ ಬಂದವರಾರು ಎಂದು ಪ್ರತ್ಯಕ್ಷವನ್ನಷ್ಟೇ ನಂಬುವ ಚಾರ್ವಾಕರು ಕೇಳಿದರು. ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ 18ನೇ ಶತಮಾನದಲ್ಲಿ ಇದೇ ಗಂಟನ್ನು ತನ್ನ ರೀತಿಯಲ್ಲಿ ಹಿಡಿದೆಳೆದ. ಅಷ್ಟು ಸಂಶಯಪಟ್ಟರೆ ಬದುಕು ನಡೆಯುವುದಿಲ್ಲ ಎಂಬ ನೈಯಾಯಿಕರ ಉತ್ತರ ಬಿತ್ತುವವರಿಗೆ ಒಪ್ಪಿಗೆಯಾದೀತು. ಆದರೆ ಹೊಗೆಗೆ ಬೆಂಕಿ ಕಾರಣ. ನಾಳೆಯ ಬೆಲೆಗೆ 200 ದಿನಗಳ ಗೆರೆ ಯಾವ ಕಾರಣ?

ಒಂದೇ ಒಂದು: ಆ ಗೆರೆಯನ್ನು ನೋಡುತ್ತಿರುವ ಕಣ್ಣುಗಳು. ಕಾರ್ಣಿಕ ಏನೇ ನುಡಿಯಲಿ, ಮೋಡಕ್ಕೆ ಅದು ಕೇಳಿಸುವುದಿಲ್ಲ. ಬೆಲೆಗೆ ಕೇಳಿಸುತ್ತದೆ. ಲಕ್ಷಾಂತರ ಜನ ಅದೇ ಗೆರೆಯ ಹತ್ತಿರ ಕೊಂಡರೆ ಬೆಲೆ ಅಲ್ಲಿಂದಲೇ ಏಳುತ್ತದೆ, ಗೆರೆ ‘ನಿಜ’ವಾಗುತ್ತದೆ. ಇದನ್ನು ಎಲ್ಲರೂ ಅರಿತ ಮೇಲೆ ಜಾಣನೊಬ್ಬ ಹಿಂದಿನ ದಿನವೇ ಕೊಳ್ಳುತ್ತಾನೆ, ಗೆರೆಯ ಬಲ ಸೋರಿಹೋಗುತ್ತದೆ. ನಂಬಿಕೆಯಿಂದ ಹುಟ್ಟಿ ನಂಬಿಕೆಯಿಂದಲೇ ಸಾಯುವ ಇಂಥ ವ್ಯಾಪ್ತಿ ಯಾವ ತರ್ಕಶಾಸ್ತ್ರಿಯ ಪಟ್ಟಿಯಲ್ಲೂ ಸಲೀಸಾಗಿ ಕೂರದು. 2024ರ ಸೆಪ್ಟೆಂಬರ್‌ನಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ ಹೊರಡಿಸಿದ ಅಧ್ಯಯನದಂತೆ, ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಮುಂದಿನ ಬೆಲೆಯ ಮೇಲೆ ಪಣ ಕಟ್ಟುವ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ಗೆ ಇಳಿದ ವೈಯಕ್ತಿಕ ವಹಿವಾಟುದಾರರಲ್ಲಿ ಶೇ 93ರಷ್ಟು ಮಂದಿ ನಷ್ಟ ಕಂಡರು. ಅದರಿಂದ ಚಾರ್ಟ್ ಸುಳ್ಳೆಂದಾಗದು. ಅದನ್ನು ದೈವವಾಣಿಯಂತೆ ಕೇಳುವುದು ದುಬಾರಿಯಾದೀತು ಎಂಬ ಎಚ್ಚರಿಕೆಯಂತೂ ಅದರಲ್ಲಿದೆ.

ದೈವವನ್ನು ಪೂರ್ತಿ ನಂಬಿದವನ ಕಥೆಯೂ ಇದೇ ಜಿಲ್ಲೆಯಲ್ಲಿದೆ. ಹಿರೇಕೆರೂರು ಭಾಗದ ಅಬಲೂರಿನ ದೇವಾಲಯದಲ್ಲಿ ಶಿವಭಕ್ತ ಏಕಾಂತದ ರಾಮಯ್ಯನ ಕಥೆ ಹೇಳುವ ಶಾಸನವಿದೆ, ಸುಮಾರು 1200ರದ್ದು. ಶಿವನ ಹಿರಿಮೆಗಾಗಿ ವಾದಕ್ಕೆ ನಿಂತವನು ತನ್ನ ತಲೆಯನ್ನೇ ಪಣಕ್ಕಿಟ್ಟ. ಕೊಯ್ದಿಟ್ಟ ತಲೆಯನ್ನು ಏಳನೆಯ ದಿನ ಮರಳಿ ಪಡೆದನೆಂದು ಶಾಸನ ಸಾರುತ್ತದೆ. ಅಲ್ಲಿ ಹಿಂದೆ ಸರಿಯುವ ದಾರಿಯಿಲ್ಲ, ಇರಬೇಕೂ ಇಲ್ಲ. ಭಕ್ತಿಯ ಲೆಕ್ಕವೇ ಬೇರೆ. ಚಾರ್ಟ್ ಓದುವವರ ಬಳಿ ಇರುವ ಅತ್ಯಂತ ಪ್ರಾಮಾಣಿಕ ಸಾಧನವೋ ಅದಕ್ಕೆ ತದ್ವಿರುದ್ಧ: ಸ್ಟಾಪ್‌ಲಾಸ್. 100ಕ್ಕೆ ಕೊಳ್ಳುವಾಗಲೇ ‘97ಕ್ಕೆ ಬಂದರೆ ನನ್ನ ಓದು ತಪ್ಪು, ಮಾರಿ ಹೊರಬರುತ್ತೇನೆ’ ಎಂದು ಬರೆದಿಡುವುದು. ಬೆಲೆ 97 ಮುಟ್ಟುವಾಗ ಗೆರೆಯನ್ನು 94ಕ್ಕೆ ಜಾರಿಸುವವನು ರಾಮಯ್ಯನ ದಾರಿ ಹಿಡಿದಿದ್ದಾನೆ, ರಾಮಯ್ಯನ ನಿಷ್ಠೆಯಿಲ್ಲದೆ.

ಈ ಸೌಲಭ್ಯವೂ ಪರದೆಯ ಮುಂದೆ ಕೂತವರಿಗೆ ಮಾತ್ರ. ಹೋದ ವರ್ಷದ ದರ ನೋಡಿ ಮೆಣಸಿನಕಾಯಿ ಹಾಕಿದವರದ್ದೂ ಅನುಮಾನವೇ, ಆದರೆ ಹೊಲಕ್ಕೆ ಬಿದ್ದ ಬಂಡವಾಳವನ್ನು ಅರ್ಧದಲ್ಲಿ ಮಾರಿ ಹೊರಬರಲಾಗದು. 2024ರ ಮಾರ್ಚ್ 11ರಂದು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ದರ ಕುಸಿದಾಗ ರೊಚ್ಚಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು.