ವಿದ್ಯೆಗೆ ಅಧಿಕಾರಿ ಯಾರು?

ಶಾಸ್ತ್ರಾರಂಭದಲ್ಲಿ ಅಧಿಕಾರಿಯನ್ನು ನಿರೂಪಿಸುವುದು ನಮ್ಮ ಪೂರ್ವಿಕರ ಸಂಪ್ರದಾಯ. ಫಲಾಪೇಕ್ಷೆಯೂ ಸಾಮರ್ಥ್ಯವೂ ಅಧಿಕಾರಕ್ಕೆ ಮುಖ್ಯವೆಂದು ಮೀಮಾಂಸಕರು ಹೇಳುತ್ತಾರೆ. ಜೈಮಿನಿಸೂತ್ರಗಳ ಆರನೆಯ ಅಧ್ಯಾಯದಲ್ಲಿ ಈ ಸಂಬಂಧವಾಗಿ ಸ್ವಾರಸ್ಯವಾದ ಚರ್ಚೆಯೊಂದಿದೆ. ಯಜ್ಞವಿಧಿಯು ಪುಲ್ಲಿಂಗಶಬ್ದದಿಂದ ಹೇಳಲ್ಪಟ್ಟಿರುವುದರಿಂದ ಪುರುಷರಿಗೆ ಮಾತ್ರ ಅಧಿಕಾರವೆಂದು ಐತಿಶಾಯನನ ಪಕ್ಷ. ಅಲ್ಲಿ ವಿಶೇಷವೇನೂ ವಿವಕ್ಷಿತವಲ್ಲವಾದ್ದರಿಂದ ಸ್ತ್ರೀಗೂ ಅಧಿಕಾರವುಂಟೆಂದು ಬಾದರಾಯಣನ ಮತ. ಪತಿಯೊಡನೆ ಕೂಡಿಯೇ ಎಂಬ ನಿಯಮವನ್ನು ಮುಂದೆ ಸೇರಿಸಿದರೂ, ಲಿಂಗವೊಂದೇ ಬಹಿಷ್ಕಾರಕ್ಕೆ ಹೇತುವಾಗದೆಂಬುದು ಸ್ಥಿರಪಟ್ಟಿತು.

ಕರ್ಮಕಾಂಡದಲ್ಲಿಯೇ ಇತ್ಯರ್ಥವಾದ ಈ ಪ್ರಶ್ನೆಯು 1933ರಲ್ಲಿ, ಯಶವಂತಪುರದ ಸಮೀಪದಲ್ಲಿ ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಬಾಗಿಲಲ್ಲಿ ಪುನಃ ತಲೆಯೆತ್ತಿತು. ಮುಂಬಯಿ ವಿಶ್ವವಿದ್ಯಾನಿಲಯದ ಪದವೀಧರೆ ಕಮಲಾ ಭಾಗವತರು, ಮುಂದೆ ಕಮಲಾ ಸೊಹೊನಿಯೆಂದು ಪ್ರಸಿದ್ಧರಾದವರು, ಪ್ರವೇಶವನ್ನು ಬೇಡಿದರು. ನಿರ್ದೇಶಕರಾಗಿದ್ದ ಸಿ. ವಿ. ರಾಮನ್ನರು ಸ್ತ್ರೀಯೆಂಬ ಕಾರಣದಿಂದ ನಿರಾಕರಿಸಿದರು. ಆಕೆ ಸತ್ಯಾಗ್ರಹ ಹೂಡಿದ ಮೇಲೆ ಪ್ರವೇಶವೇನೋ ದೊರೆಯಿತು. ಆದರೆ ಮೊದಲ ವರ್ಷ ಪರೀಕ್ಷಾರ್ಥವಾಗಿ ಮಾತ್ರ. ಪುರುಷ ಸಂಶೋಧಕರ ಚಿತ್ತ ಕದಡಬಾರದೆಂಬುದೂ ಒಂದು ನಿಬಂಧನೆಯಾಗಿತ್ತು. ಆಕೆ ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಶ್ರಮಿಸಿ ಗೆದ್ದರು. 1939ರಲ್ಲಿ ಕೇಂಬ್ರಿಡ್ಜಿನ ಡಾಕ್ಟರೇಟನ್ನೂ ಪಡೆದರು. ರಾಮನ್ನರೂ ಮುಂದೆ ಸ್ತ್ರೀಯರಿಗೆ ಪ್ರವೇಶವಿತ್ತರೆಂಬುದನ್ನು ಮರೆಯಲಾಗದು.

ಇಲ್ಲಿ ಪೂರ್ವಪಕ್ಷವೊಂದು ಏಳಬಹುದು: ಚಿನ್ನವು ಬೆಂಕಿಯಲ್ಲಿ ಬೆಂದರೆ ತಾನೆ ಹೊಳೆಯುವುದು? ಕಠಿಣಪರೀಕ್ಷೆಯಿಂದ ಯೋಗ್ಯತೆಯು ಪ್ರಕಾಶಕ್ಕೆ ಬಂದಿತಲ್ಲವೆ? ಸತ್ಯ. ಆದರೆ ಒಬ್ಬರ ಚಿನ್ನವನ್ನು ಬೆಂಕಿಗೆ ಹಾಕಿ ಮತ್ತೊಬ್ಬರದನ್ನು ಕಣ್ಣಳತೆಯಿಂದಲೇ ಒಪ್ಪುವ ಅಕ್ಕಸಾಲಿಗನನ್ನು ನ್ಯಾಯವಂತನೆನ್ನುವವರಾರು? ಚಿತ್ತಚಾಂಚಲ್ಯವು ಚಂಚಲನಾದವನ ದೋಷ. ಅದರ ಪ್ರಾಯಶ್ಚಿತ್ತವನ್ನು ಅನ್ಯರ ಮೇಲೆ ಹೊರಿಸುವುದು ಯಾವ ಧರ್ಮ? ಅಲ್ಲದೆ, ಗೆದ್ದವರ ಹೆಸರು ಮಾತ್ರ ಉಳಿಯುತ್ತದೆ. ನಿರಾಕರಣಪತ್ರವನ್ನು ಮಡಿಚಿಟ್ಟು ಮೌನವಾಗಿ ಮನೆಗೆ ಮರಳಿದವರ ಲೆಕ್ಕವನ್ನು ಇಟ್ಟವರಿಲ್ಲ.

ಬಾಗಿಲು ತೆರೆದ ಮಾತ್ರಕ್ಕೆ ನ್ಯಾಯವು ಪೂರ್ಣವಾಗದೆಂಬುದಕ್ಕೆ ಅಣ್ಣಾ ಮಣಿಯವರ ವೃತ್ತಾಂತವೇ ಸಾಕ್ಷಿ. ಅವರು 1940ರಲ್ಲಿ ಅದೇ ಸಂಸ್ಥೆಗೆ ಬಂದು ರಾಮನ್ನರ ಪ್ರಯೋಗಶಾಲೆಯಲ್ಲಿ ವಜ್ರ ಮಾಣಿಕ್ಯಗಳ ವರ್ಣಪಟಲಗಳನ್ನು ಪರಿಶೋಧಿಸಿದರು. ಒಂದೊಂದು ಛಾಯಾಫಲಕಕ್ಕೆ ಹದಿನೈದಿಪ್ಪತ್ತು ಗಂಟೆಗಳ ಕಾಲ ಬೆಳಕು ತಾಗಬೇಕಾಗಿದ್ದುದರಿಂದ ಎಷ್ಟೋ ರಾತ್ರಿಗಳು ಅಲ್ಲಿಯೇ ಕಳೆದುವು. 1945ರಲ್ಲಿ ಪ್ರೌಢಪ್ರಬಂಧವು ಸಿದ್ಧವಾಯಿತು. ಸ್ನಾತಕೋತ್ತರ ಪದವಿಯಿಲ್ಲವೆಂದು ಮದರಾಸು ವಿಶ್ವವಿದ್ಯಾನಿಲಯವು ಡಾಕ್ಟರೇಟನ್ನು ಕೊಡಲಿಲ್ಲ. ನಿಯಮದ ಅಕ್ಷರದಲ್ಲಿ ಸ್ತ್ರೀಪುರುಷಭೇದವಿರಲಿಲ್ಲ ನಿಜ. ಆದರೆ ಕೃತಿಯು ಕಣ್ಣೆದುರಿಗಿರುವಾಗ ಪತ್ರವನ್ನು ಮಾತ್ರ ನೋಡಿದ್ದು ವಿವೇಕವೆ? ಅವರು ಹವಾಮಾನ ಇಲಾಖೆಯಲ್ಲಿ ಉನ್ನತ ಪದವಿಗೇರಿ, ನಿವೃತ್ತಿಯ ತರುವಾಯ ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಗೇ ಬಂದು ಸೇವೆ ಸಲ್ಲಿಸಿದರು.

ಈಗ ಲಿಂಗದ ಹೆಸರಿನಲ್ಲಿ ಯಾರೂ ಬಹಿರಂಗವಾಗಿ ಬಾಗಿಲು ಮುಚ್ಚುವುದಿಲ್ಲ. ಆದರೂ ಮಗನನ್ನು 'ಏನನ್ನು ಓದುವೆ?' ಎಂದು ಕೇಳುವ ಮನೆ, ಮಗಳನ್ನು 'ಎಷ್ಟು ವರ್ಷ ಓದುವೆ?' ಎಂದು ಕೇಳುವುದುಂಟು. ಐತಿಶಾಯನನ ಪಕ್ಷವು ಗ್ರಂಥದಲ್ಲಿ ಸೋತು ಬಹುಕಾಲವಾಯಿತು. ಮನೆಯಲ್ಲಿ ಸೋಲಬೇಕಾದುದು ಇನ್ನೂ ಉಳಿದಿದೆ. ಆ ವಾದದಲ್ಲಿ ತೀರ್ಪುಗಾರರು ತಾಯಿತಂದೆಗಳೇ.