ಕೌದಿಯ ಬೂದು ತುಂಡು



ಅವ್ವ ಕೌದಿ ಹೊಲಿಯುವ ಮೊದಲು ತುಂಡುಗಳನ್ನು ನೆಲದ ಮೇಲೆ ಹರವಿ, ಕಣ್ಣು ಕಿರಿದು ಮಾಡಿ ನೋಡುತ್ತಾಳೆ. ಆಗ ಕೆಂಪು, ಹಸಿರು ಹಿಂದೆ ಸರಿದು ಯಾವುದು ತಿಳಿ, ಯಾವುದು ಗಾಢ ಎಂಬುದಷ್ಟೇ ಕಾಣುತ್ತದೆ. ಮೊನ್ನೆ ನನ್ನ ಹಳೇ ಪ್ಯಾಂಟಿನ ಬೂದು ತುಂಡನ್ನು ಕಪ್ಪು ಸೀರೆಯ ಪಕ್ಕ ಇಟ್ಟಳು, ಹೊಳೆಯಿತು. ಹಳದಿಯ ಪಕ್ಕಕ್ಕೆ ಸರಿಸಿದಳು, ಮಂಕಾಯಿತು. ತುಂಡು ಅದೇ. (ಕಪ್ಪು ಕೀಳೆಂದಲ್ಲ. ಗಾಢ ಬಣ್ಣವಿಲ್ಲದೆ ಕೌದಿಯ ಚಿತ್ತಾರವೇ ಎದ್ದು ಕಾಣದು.)

ಬಾಬಾಸಾಹೇಬರು ಹೇಳಿದ ಶ್ರೇಣೀಕೃತ ಅಸಮಾನತೆಯನ್ನು ಎಷ್ಟೋ ಸಲ ಪಾಠ ಮಾಡಿದ್ದೇನೆ: ಪ್ರತಿ ಜಾತಿಗೂ ತನ್ನ ಕೆಳಗೊಂದು ಜಾತಿ. ಆದರೆ ಕಳೆದ ವರ್ಷ ಮಗಳಿಗೆ ಸಂಬಂಧ ಕೇಳಿ ಬಂದವರು ಧಮ್ಮ ಸ್ವೀಕರಿಸಿದವರೇ ಆಗಿದ್ದರೂ, ಮೊದಲು ನಮ್ಮ ಪಂಗಡದವರಲ್ಲ ಎಂದು ತಿಳಿದಾಗ "ನೋಡೋಣ" ಎಂದವನು ನಾನೇ. ಮಗಳನ್ನು ಕೇಳಲೂ ಇಲ್ಲ. ನಾನು ಹೊಳೆಯಲು ಪಕ್ಕದಲ್ಲಿ ಯಾರನ್ನು ಇಟ್ಟುಕೊಂಡಿದ್ದೆ?

ಭಿಕ್ಕುಗಳ ಚೀವರವೂ ತುಂಡು ಜೋಡಿಸಿ ಹೊಲಿದದ್ದೇ. ಮಗಧದ ಗದ್ದೆಗಳ ಹಾಗೆ ಆನಂದರು ಅದನ್ನು ರೂಪಿಸಿದ ಕಥೆ ವಿನಯಪಿಟಕದಲ್ಲಿದೆ. ಅಲ್ಲಿ ಚಿಂದಿಗಳೆಲ್ಲ ಒಂದೇ ಬಣ್ಣಕ್ಕೆ ಬೀಳುತ್ತಿದ್ದವು. ಅವ್ವ ಅದರದರ ಬಣ್ಣ ಅದಕ್ಕೇ ಬಿಡುತ್ತಾಳೆ. ಯಾವುದು ಸಮತೆ? ಎರಡೂ ಇರಬಹುದು, ನನಗಿನ್ನೂ ಸ್ಪಷ್ಟವಿಲ್ಲ.

ನಿನ್ನೆ ಆ ಮನೆಗೆ ಫೋನ್ ಮಾಡಿದೆ. ಹುಡುಗನ ಮದುವೆಯಾಗಿ ಮೂರು ತಿಂಗಳಾಯಿತಂತೆ.